ಅಷ್ಟು ಬೆಲೆ ಬಾಳುತ್ತಾ?

ಮೊದಲ ಸಲ ಅವನ ಲ್ಯಾಪ್‌ಟಾಪ್ ಬಿಚ್ಚಿದಾಗ ಬೆಲ್ಲದ ವಾಸನೆ ಬಂತು.

ಐದು ವರ್ಷ ಹಳೆಯ ಕಪ್ಪು ಮಿಷಿನ್ನು. ಫ್ಯಾನಿನ ರೆಕ್ಕೆಗಳಿಗೆ ಕಂದು ಅಂಟು ಮೆತ್ತಿಕೊಂಡಿತ್ತು. ಅಂಟಿಗೆ ಕಬ್ಬಿನ ತರಗಿನ ಚೂರುಗಳು ಕಚ್ಚಿಕೊಂಡಿದ್ದವು. ಕರಗಲಿ ಎಂದು ಬಿಸಿಗಾಳಿ ಹಿಡಿದೆ. ಇಡೀ ಅಂಗಡಿ ಆಲೆಮನೆಯ ಹಾಗೆ ಘಮ್ಮೆಂದಿತು.

ಗಾಜಿನ ಆ ಕಡೆ ನಿಂತಿದ್ದವನ ಮುಖ ನೋಡದೆಯೇ ಕೇಳಿಬಿಟ್ಟೆ. "ಇದ್ರಲ್ಲಿ ಬೆಲ್ಲ ಕಾಯಿಸ್ತಿದ್ರಾ?"

"ಇಲ್ಲ ಕಣಮ್ಮ. ಆಲೆಮನೆ ಜಗುಲಿ ಮೇಲೆ ಕುಂತು ನಕ್ಸೆ ಬರೀತಿದ್ದೆ. ನಮ್ಮೂರಲ್ಲಿ ಕರೆಂಟು ಸರಿಯಾಗಿರೋದು ಅಲ್ಲೊಂದೇ ಕಡೆ."

"ಇನ್ನೊಂದು ತಿಂಗಳು ಬುಟ್ಟಿದ್ರೆ ಎರಡಚ್ಚು ಬೆಲ್ಲ ಆಗೋದು."

ಅವನು ನಕ್ಕ. ಶಬ್ದವಿಲ್ಲದ ನಗು, ಹೆಗಲು ಮಾತ್ರ ಅಲುಗುತ್ತದೆ. ನಾನು ತಲೆ ಎತ್ತಲಿಲ್ಲ. ಎದುರಿಗಿದ್ದ ಸ್ಕ್ರೀನಿನ ಕಪ್ಪು ಗಾಜಿನಲ್ಲಿ ನೋಡಿದೆ. ಗುರುತಿಲ್ಲದವರ ಜೊತೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಮದ್ದೂರಿನ ಮಳವಳ್ಳಿ ರಸ್ತೆಯಲ್ಲಿ ರವಿಚಂದ್ರಣ್ಣನ ಕಂಪ್ಯೂಟರ್ ಅಂಗಡಿ. ಮುಂದೆ ಮಾರಾಟ, ಗಾಜಿನ ಹಿಂದೆ ರಿಪೇರಿ. ಗಾಜಿನ ಹಿಂದೆ ನಾನು, ಶೋಭಿತಾ. ಕೊಪ್ಪದಿಂದ ಎಂಟೂಕಾಲರ ಬಸ್ಸಿಗೆ ಬರುತ್ತೇನೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಇಲ್ಲಿ ಕಸ ಗುಡಿಸಲು ಸೇರಿದವಳು. ಗುಡಿಸುತ್ತಾ ನೋಡುತ್ತಿದ್ದೆ. ಯಾವ ಸ್ಕ್ರೂ ಯಾವ ತೂತಿನಿಂದ ಬಂತು ಎಂದು ನೋಡಿಟ್ಟುಕೊಳ್ಳುವುದು ಒಂದು ವಿದ್ಯೆಯಾದರೆ, ನನಗೆ ಬಂದದ್ದು ಅದೊಂದೇ. ಹಳೆಯ ಮೆಕ್ಯಾನಿಕ್ಕು ಹೇಳದೆ ಕೇಳದೆ ಕೆಲಸ ಬಿಟ್ಟ ದಿನ ಟೇಬಲ್ಲಿನ ಮೇಲೆ ಏಳು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಬಿದ್ದಿದ್ದವು. ಸಂಜೆಯೊಳಗೆ ಐದನ್ನು ನಾನು ಮುಚ್ಚಿ ಆನ್ ಮಾಡಿದ್ದೆ. ಡಬ್ಬದ ಮೇಲಿನ ಇಂಗ್ಲಿಷು ನನಗೆ ಈಗಲೂ ನಿಧಾನ. ಒಳಗಿರುವುದನ್ನು ಮಾತ್ರ ಓದಲು ಬರುತ್ತದೆ.

ಅವನ ಹೆಸರು ಕೆಂಪರಾಜು. ಮಳವಳ್ಳಿ ಕಡೆಯ ಹಳ್ಳಿಯವನು, ಲೈಸೆನ್ಸ್ ಇರುವ ಸರ್ವೆಯರ್. ಜಮೀನು ಅಳೆದು, ಯಾರ ಬದು ಎಲ್ಲಿ ಮುಗಿಯುತ್ತದೆ ಎಂದು ನಕ್ಷೆ ಬರೆದುಕೊಡುವುದು ಕೆಲಸ. ಬಾಯಲ್ಲಿ ನಾನು ನೀವು ಅನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವಾಗ ಅವನು ಆದನೋ ಗೊತ್ತಿಲ್ಲ.

ನನಗೊಂದು ಅಭ್ಯಾಸವಿದೆ. ರಿಪೇರಿ ಮುಗಿದ ಮೇಲೆ ಹಿಂಬದಿಯ ಸ್ಕ್ರೂಗಳ ತಲೆಗೆ ಒಂದೊಂದು ಚುಕ್ಕೆ ನೈಲ್ ಪಾಲಿಶ್ ಇಡುತ್ತೇನೆ. ಬೇರೆ ಯಾರಾದರೂ ಬಿಚ್ಚಿದರೆ ಚುಕ್ಕೆ ಒಡೆಯುತ್ತದೆ, ನಮ್ಮ ಗ್ಯಾರಂಟಿ ಅಲ್ಲಿಗೆ ಮುಗಿಯುತ್ತದೆ. ಎರಡನೇ ಸಲ ಅವನು "ಯಾಕೋ ಅಲ್ಲಾಡ್ತದೆ" ಎಂದು ತಂದಾಗ ಎಡಮೂಲೆಯ ಚುಕ್ಕೆ ಒಡೆದಿತ್ತು. ಮೂರನೇ ಸಲ ಬಲಮೂಲೆಯದು.

"ಇದನ್ನ ಯಾರಾದ್ರೂ ಬಿಚ್ಚಿದ್ರಾ?"

"ಇಲ್ವಲ್ಲ. ಬೈಕಿನ ಕುಲುಕಾಟ ಇರ್ಬೇಕು."

"ಮಳವಳ್ಳಿ ರಸ್ತೆ ಅಷ್ಟು ಕೆಟ್ಟೋಗದಾ?"

"ಬಾಳ ಕೆಟ್ಟೋಗದೆ. ನೀನು ಆ ಕಡೆ ಬಂದಿಲ್ವಲ್ಲ, ನಿಂಗೊತ್ತಿಲ್ಲ," ಅಂದ. ಅವನ ಕಿವಿಯ ತುದಿ ಕೆಂಪಾಗಿತ್ತು.

ನಾನು ಸ್ಕ್ರೂ ತಿರುಗಿಸಿ ಮತ್ತೆ ಚುಕ್ಕೆ ಇಟ್ಟೆ. ಒಣಗಲಿ ಎಂದು ಊದಿದೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಊದಿದೆ. ದುಡ್ಡು ತೆಗೆದುಕೊಳ್ಳಲಿಲ್ಲ.

ರವಿಚಂದ್ರಣ್ಣ ಕೌಂಟರಿನಿಂದಲೇ ಚುಡಾಯಿಸಿದರು. "ಮಳವಳ್ಳೀಲೇ ನಾಕು ಅಂಗ್ಡಿ ಅವೆ ಕಣ್ಲಾ. ಒಂದು ಸ್ಕ್ರೂಗೆ ಇಲ್ಲೀಗಂಟ ಪೆಟ್ರೋಲ್ ಸುಟ್ಕೊಂಡು ಬತ್ತೀಯಲ್ಲ."

"ಇಲ್ಲಿ ಸ್ಕ್ರೂ ಗಟ್ಟಿಯಾಗಿ ಕೂರ್ತದೆ ಅಣ್ಣ."

"ಕೂರ್ತದೆ, ಕೂರ್ತದೆ. ಅದ್ಕೇ ತಿಂಗಳಿಗೆರಡು ಸಲ ಬಿಚ್ಕೋತದೆ."

ಏಳು ತಿಂಗಳು ಹೀಗೇ ನಡೆಯಿತು. ಅವನು ಬರುತ್ತಿದ್ದ, ನಾನು ಬಿಗಿ ಮಾಡುತ್ತಿದ್ದೆ. ಎರಡು ಲೋಟ ಟೀ ಆರುವಷ್ಟು ಹೊತ್ತು ಇರುತ್ತಿದ್ದ. ಇಬ್ಬರೂ ಬಾಯಿ ಬಿಟ್ಟು ಏನೂ ಹೇಳಿಕೊಳ್ಳಲಿಲ್ಲ. ಹೇಳದಿದ್ದರೂ ಗೊತ್ತಿದೆಯಲ್ಲ ಎಂದು ನಾನು ಅಂದುಕೊಂಡಿದ್ದೆ. ಅವನೂ ಹಾಗೇ ಅಂದುಕೊಂಡಿದ್ದನೇನೋ.

ಒಂದು ಸೋಮವಾರ ಅವನು ಬಂದಾಗ ಗಾಜಿನ ಹತ್ತಿರ ಬರಲಿಲ್ಲ. ಮುಂದಿನ ಶೋಕೇಸಿನ ಎದುರು ನಿಂತ.

ಅಲ್ಲಿ ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಒಂದಿತ್ತು. ಒಂದು ಲಕ್ಷ ನಲವತ್ತು ಸಾವಿರದ್ದು. ಅಂಗಡಿಗೆ ಬಂದು ನಾಲ್ಕು ತಿಂಗಳಾಗಿತ್ತು. ಎಲ್ಲರೂ ಮುಟ್ಟಿ ನೋಡಿ ಹೋಗುತ್ತಿದ್ದರು. ಬೆರಳಚ್ಚು ಒರೆಸುವುದು ನನ್ನ ಕೆಲಸ.

ಕೊಳ್ಳುವ ಮುಂಚೆ ನನ್ನನ್ನು ಒಂದು ಮಾತು ಕೇಳುವುದು ಅಷ್ಟರಲ್ಲಿ ಗಿರಾಕಿಗಳಿಗೆ ರೂಢಿಯಾಗಿತ್ತು. ಹಿಂದೆ ಒಬ್ಬ ಮೇಷ್ಟ್ರು ಅದೇ ಲ್ಯಾಪ್‌ಟಾಪ್ ಕೇಳಿದಾಗ, ಮಾರ್ಕ್ಸ್ ಟೈಪು ಮಾಡುವುದಕ್ಕೆ ಮೂವತ್ತೈದು ಸಾವಿರದ್ದೇ ಸಾಕು ಅಂದಿದ್ದೆ. ರವಿಚಂದ್ರಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಆ ಮೇಷ್ಟ್ರು ಇನ್ನೂ ಆರು ಜನರನ್ನು ಕಳಿಸಿದರು.

"ಶೋಭಿತಾ, ಇದು ಅಷ್ಟು ಬೆಲೆ ಬಾಳುತ್ತಾ?" ಕೆಂಪರಾಜು ಕೇಳಿದ.

"ಯಾರಿಗೆ?" ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ.

"ನಂಗೆ."

"ನೀವು ತಗೋತಿದ್ದೀರಾ?"

ಅವನು ಗಾಜಿನ ಹತ್ತಿರ ಬಂದ. ದನಿ ತಗ್ಗಿಸಿದ. "ಮಂಡ್ಯದಲ್ಲಿ ಒಂದು ಹುಡುಗಿ ನೋಡವ್ರೆ. ಮಂಜುಶ್ರೀ ಅಂತ, ಟೀಚರ್ರು. ವರೋಪಚಾರಕ್ಕೆ ವಾಚು, ಉಂಗುರ, ಸೂಟು ಅಂತ ದುಡ್ಡು ಸುರಿಯೋದು ಯಾಕೆ, ಹುಡುಗನ ಕೆಲಸಕ್ಕಾಗೋದೇ ಕೊಡ್ಸಾಣ ಅಂತವ್ರೆ ಅವ್ರಪ್ಪ. ಈ ಲ್ಯಾಪ್‌ಟಾಪೇ ಕೊಡ್ಸಾಣ ಅಂತವ್ರೆ."

ನನ್ನ ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇತ್ತು. ಅದನ್ನು ಅದರ ಜಾಗದಲ್ಲಿ ಇಟ್ಟೆ. ಪಕ್ಕದಲ್ಲಿದ್ದುದನ್ನೂ ನೆಟ್ಟಗೆ ಮಾಡಿದೆ.

"ನಾನಿನ್ನೂ ಹೂಂ ಅಂದಿಲ್ಲ," ಅಂದ ಅವನು.

ಆಮೇಲೆ ಉಳಿದದ್ದನ್ನು ಹೇಳಿದ. ಡ್ರೋನ್ ಹಾರಿಸಿ ಅಳೆಯುವ ಕೆಲಸ ಒಂದು ಕಂಪನಿಯಿಂದ ಸಿಗುವುದರಲ್ಲಿದೆ. ಆಕಾಶದಿಂದ ತೆಗೆದ ನೂರಾರು ಫೋಟೋಗಳನ್ನು ಹೊಲಿದು ಒಂದೇ ನಕ್ಷೆ ಮಾಡಬೇಕು. ಗುರುವಾರ ಸಂಜೆಯೊಳಗೆ ಒಂದು ನಕ್ಷೆ ಮಾಡಿ ತೋರಿಸಿದವರಿಗೆ ಕೆಲಸ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ನಕ್ಷೆ ಅರ್ಧವೂ ಆಗದೆ ಮಿಷಿನ್ನು ಆಫ್ ಆಗುತ್ತಿದೆ. ಹೊಸದನ್ನು ತಾನೇ ಕೊಳ್ಳಲು ಇನ್ನೆರಡು ವರ್ಷವಾದರೂ ಬೇಕು.

"ಕೆಲಸ ಕೊಡೋ ಮಿಷಿನ್ನು ಮನೆ ಬಾಗ್ಲಿಗೆ ಬತ್ತಾ ಅದೆ, ಯಾವ ಮುಖ ಇಟ್ಕೊಂಡು ಬ್ಯಾಡ ಅಂತೀಯ ಅಂತಾಳೆ ಅವ್ವ. ನನ್ತಾವ ಉತ್ತರ ಇಲ್ಲ." ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಟೇಬಲ್ಲಿನ ಮೇಲಿಟ್ಟ. "ಚಿಕ್ಕರಸಿನಕೆರೆ ಬಯಲು. ಆರುನೂರಾ ಹನ್ನೆರಡು ಫೋಟೋ. ಹಳೇ ಲ್ಯಾಪ್‌ಟಾಪಲ್ಲೇ ನೀನು ಇದನ್ನ ನಕ್ಸೆ ಮಾಡಿ ಕೊಟ್ರೆ, ನಂಗೆ ಆ ಹೊಸದೂ ಬ್ಯಾಡ, ಯಾವ್ದೂ ಬ್ಯಾಡ. ಅವತ್ತೇ ಅವ್ವಂಗೆ ಹೇಳ್ಬುಡ್ತೀನಿ."

"ಆಗ್ದಿದ್ರೆ?"

ಅವನು ಹಳೆಯ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿನ ಕಿಂಡಿಯಿಂದ ಒಳಗೆ ಕೊಟ್ಟ. ನಾನು ತೆಗೆದುಕೊಳ್ಳುವಾಗ ಬೆರಳು ತಾಗಿತು. ಇಬ್ಬರೂ ತಕ್ಷಣ ಬಿಡಲಿಲ್ಲ.

ಮೂರು ದಿನ ನಾನು ಬೇರೆ ಯಾವ ಮಿಷಿನ್ನನ್ನೂ ಮುಟ್ಟಲಿಲ್ಲ.

ಫ್ಯಾನು ಹೊಸದು ಹಾಕಿದೆ. ಒಳಗಿನ ತಾಮ್ರದ ಕೊಳವೆಗಳನ್ನು ಹತ್ತಿಯಿಂದ ಉಜ್ಜಿ ಬಿಸಿ ಎಳೆಯುವ ಹೊಸ ಪೇಸ್ಟ್ ಬಳಿದೆ. ಇದ್ದದ್ದರಲ್ಲಿ ದೊಡ್ಡ ಮೆಮೊರಿ ಕೂರಿಸಿದೆ. ಸೋಮವಾರ ಸಂಜೆ ನಕ್ಷೆ ಶುರುಮಾಡಿದರೆ ನೂರಕ್ಕೆ ಇಪ್ಪತ್ತೆರಡಕ್ಕೆ ಆಫ್ ಆಯಿತು. ಮಂಗಳವಾರ ನಲವತ್ತೊಂದು. ಬುಧವಾರ ಹಿಂಬದಿಯ ಮುಚ್ಚಳವನ್ನೇ ತೆಗೆದು, ಟೇಬಲ್ ಫ್ಯಾನ್ ಎದುರಿಗಿಟ್ಟು, ಊಟಕ್ಕೂ ಏಳದೆ ಕೂತೆ. ಐವತ್ತು ದಾಟಿತು. ಅರವತ್ತು ದಾಟಿತು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಆಗಾಗ ಅದರ ಮೈ ಮುಟ್ಟಿ ನೋಡುತ್ತಿದ್ದೆ. ಅರವತ್ತಮೂರಕ್ಕೆ ಸ್ಕ್ರೀನು ಕಪ್ಪಾಯಿತು.

ರವಿಚಂದ್ರಣ್ಣ ಹಿಂದೆ ಬಂದು ನಿಂತಿದ್ದರು. "ಬುಡವ್ವ. ಎತ್ತು ಎಷ್ಟು ಎಳೀತದೋ ಅಷ್ಟೇ ಅಲ್ವಾ ಎಳೆಯೋದು."

"ಇನ್ನೊಂದು ದಾರಿ ಅದೆ ಅಣ್ಣ."

ಫೋಟೋಗಳನ್ನು ಎರಡು ಭಾಗ ಮಾಡಿದೆ. ಬಯಲಿನ ಮೂಡಲ ಅರ್ಧ ಒಂದು ಸಲ, ಪಡುವಲ ಅರ್ಧ ಇನ್ನೊಂದು ಸಲ. ಆಮೇಲೆ ಎರಡನ್ನೂ ಒಟ್ಟು ಜೋಡಿಸುವುದು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೊದಲರ್ಧ ಮುಗಿಯಿತು. ಮಧ್ಯಾಹ್ನ ಎರಡಕ್ಕೆ ಇನ್ನೊಂದೂ ಮುಗಿಯಿತು. ಸೇರಿಸಿದೆ. ಸ್ಕ್ರೀನಿನ ತುಂಬ ಚಿಕ್ಕರಸಿನಕೆರೆಯ ಬಯಲು ಹಾಸಿಕೊಂಡಿತು. ಕಬ್ಬಿನ ಹಸಿರು, ಭತ್ತದ ತಿಳಿಹಸಿರು, ನಾಲೆಯ ಬೂದಿ ಗೆರೆ.

ಕೆಂಪರಾಜು ಬಂದಾಗ ನಾನು ನಗುತ್ತಿದ್ದೆನಂತೆ. ಆಮೇಲೆ ಅವನೇ ಹೇಳಿದ್ದು.

"ಆಯ್ತಾ?" ಅಂದ. ಒಳಗೆ ಬಂದು ನನ್ನ ಸ್ಟೂಲಿನ ಪಕ್ಕದಲ್ಲೇ ಬಗ್ಗಿದ. ಅವನು ಗಾಜಿನ ಈ ಕಡೆ ಬಂದದ್ದು ಅದೇ ಮೊದಲು. ಬಿಸಿಲಿನ, ಸೋಪಿನ ವಾಸನೆ. "ಆಗೋಯ್ತು. ಲೇ ಶೋಭಿತಾ, ಆಗೋಯ್ತು ಕಣೇ. ನೋಡು, ನಾಲೆ. ನೋಡು, ಇದು ಸಿದ್ದಪ್ಪಾಜಿ ಗುಡಿ ತಾವ್ಲ ಹುಣಸೆ ಮರ." ಅವನ ಹೆಗಲು ಅಲುಗುತ್ತಿತ್ತು. "ಈಗ್ಲೇ ಊರಿಗೆ ಓಯ್ತೀನಿ. ಅವ್ವನ ಜೊತೆ ಕುಂತು ಮಾತಾಡ್ತೀನಿ. ಆಮೇಲೆ ನಿಂತಾವ ಒಂದು ವಿಸ್ಯ ಕೇಳೋದದೆ."

ಪೆನ್‌ಡ್ರೈವ್ ಕೀಳಲು ಕೈ ಚಾಚಿದ.

ಆಗ ನನ್ನ ಕಣ್ಣಿಗೆ ಬಿತ್ತು.

ಎರಡು ಅರ್ಧಗಳು ಸೇರುವ ಕಡೆ ಒಂದು ಬದು ಹಾದುಹೋಗಿತ್ತು. ಮೇಲಿನಿಂದ ನೆಟ್ಟಗೆ ಬಂದ ಗೆರೆ, ನಡುವೆ ಒಂದು ಕಡೆ ಕೂದಲೆಳೆಯಷ್ಟು ಜರುಗಿ ಮತ್ತೆ ನೆಟ್ಟಗೆ ಹೋಗಿತ್ತು. ದೊಡ್ಡದು ಮಾಡಿ ನೋಡಿದರೆ ಒಂದು ಮೊಳವಾದರೂ ಆಗುತ್ತಿತ್ತು. ಅವನು ನೋಡಿರಲಿಲ್ಲ. ಖುಷಿಯಲ್ಲಿದ್ದವನಿಗೆ ಅಂಥದ್ದು ಕಾಣುವುದಿಲ್ಲ.

ಸುಮ್ಮನಿರಬಹುದಿತ್ತು. ಬಾಯಿ ಮುಚ್ಚಿಕೊಂಡಿರುವುದು ನನಗೆ ಹೊಸದೇನಲ್ಲ.

ಆದರೆ ಒಂದು ಮೊಳ ಬದು ಅಂದರೆ ಏನೆಂದು ನನಗೆ ಗೊತ್ತಿತ್ತು. ಕೊಪ್ಪದಲ್ಲಿ ನಮ್ಮಪ್ಪನೂ ದೊಡ್ಡಪ್ಪನೂ ಅಷ್ಟೇ ಅಗಲದ ಜಾಗಕ್ಕೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದರು. ಯಾರೋ ಬರೆದ ನಕ್ಷೆಯಲ್ಲಿ ಗೆರೆ ಹೀಗೇ ಜರುಗಿತ್ತು. ನಾನು ಸ್ಕೂಲು ಬಿಟ್ಟದ್ದು ಆ ಹನ್ನೊಂದರಲ್ಲಿ ಒಂದು ವರ್ಷ. ಅಪ್ಪ ಸತ್ತಾಗಲೂ ದೊಡ್ಡಪ್ಪ ಹೊಸಲು ದಾಟಿ ಬರಲಿಲ್ಲ.

ಬೆರಳು ಚಾಚಿ ಸ್ಕ್ರೀನಿನ ಮೇಲೆ ಇಟ್ಟೆ. "ಇಲ್ಲಿ ನೋಡಿ."

ಅವನು ನೋಡಿದ. ದೊಡ್ಡದು ಮಾಡಿ ನೋಡಿದ. ಬೇರೆ ಬದುಗಳನ್ನು ನೋಡಿದ. ಜೋಡಣೆಯ ಉದ್ದಕ್ಕೂ ಎಲ್ಲ ಬದುಗಳೂ ಮುರಿದಿದ್ದವು.

"ಇನ್ನೊಂದ್ಸಲ ಮಾಡಿದ್ರೆ?"

"ಇನ್ನೊಂದು ಕಡೆ ಮುರೀತದೆ. ಎರಡು ತುಂಡಲ್ಲಿ ಮಾಡಿದ್ದು ಒಂದಾಗಕ್ಕಿಲ್ಲ."

ರವಿಚಂದ್ರಣ್ಣ ಏನೂ ಮಾತಾಡದೆ ಶೋಕೇಸಿನಿಂದ ಬೆಳ್ಳಿ ಲ್ಯಾಪ್‌ಟಾಪ್ ತಂದು ಟೇಬಲ್ಲಿನ ಮೇಲಿಟ್ಟರು. ಪೆನ್‌ಡ್ರೈವ್ ಹಾಕಿದೆ. ಶುರುಮಾಡಿದೆ. ಇಬ್ಬರೂ ಕೂತು ನೋಡಿದೆವು. ಅದು ನಿಲ್ಲಲಿ ಎಂದು ಬೇಡಿಕೊಂಡೆ. ಕೊಪ್ಪದ ಅಂಕಮ್ಮನಿಗೆ ಹರಕೆಯನ್ನೂ ಹೊತ್ತೆ. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಕಿವಿಯಿಟ್ಟು ಕೇಳಬೇಕಾಗಿತ್ತು. ಅಂಗೈ ಇಟ್ಟರೆ ಬೆಚ್ಚಗಿತ್ತು, ಅಷ್ಟೇ. ನಲವತ್ತೆಂಟು ನಿಮಿಷಕ್ಕೆ ಇಡೀ ಬಯಲು ಒಂದೇ ತುಂಡಾಗಿ ಬಂತು. ಆ ಬದು ಮೇಲಿನಿಂದ ಕೆಳಗಿನವರೆಗೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು.

"ಏನು ಹೇಳ್ತೀಯ?" ಕೆಂಪರಾಜು ನಕ್ಷೆಯನ್ನು ನೋಡುತ್ತಲೇ ಕೇಳಿದ. "ಅಷ್ಟು ಬೆಲೆ ಬಾಳುತ್ತಾ?"

"ಮೇಷ್ಟ್ರಿಗೆ ಬಾಳಲ್ಲ. ನಂಗೆ ಬಾಳಲ್ಲ." ಬೆಳ್ಳಿ ಮುಚ್ಚಳದ ಮೇಲಿನ ಬೆರಳಚ್ಚು ಒರೆಸಿದೆ. "ನಿಮ್ಮ ಕೆಲಸಕ್ಕೆ ಬಾಳ್ತದೆ. ಒಳಗಡೆ ಎಲ್ಲಾ ಒಂದಕ್ಕೊಂದು ಬೆಸೆದವ್ರೆ. ಬಿಚ್ಚೋಕೆ, ಬದಲಾಯಿಸೋಕೆ ಏನೂ ಇಲ್ಲ. ಐದು ವರ್ಸ ರಿಪೇರಿ ಕೇಳಕ್ಕಿಲ್ಲ."

"ರಿಪೇರಿ ಕೇಳಲ್ವಾ?"

"ಕೇಳಕ್ಕಿಲ್ಲ."

ಅವನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದ. ನಾನು ಇನ್ನೇನಾದರೂ ಅನ್ನುತ್ತೇನೆ ಎಂದು ಕಾಯುತ್ತಿದ್ದ. ಅವನು ಕೇಳಬೇಕಿದ್ದ ವಿಷಯ ಕೇಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. ಅದು ಹೋಗುವವರೆಗೆ ಮಾತಾಡಿದರೂ ಕೇಳಿಸುತ್ತಿರಲಿಲ್ಲ. ಅದು ದಾಟಿದ ಮೇಲೆ ಅವನು ಎದ್ದು ನಿಂತ.

ನಕ್ಷೆಯನ್ನು ಪೆನ್‌ಡ್ರೈವಿಗೆ ತುಂಬಿಕೊಟ್ಟೆ. ಅವನು ಹೋದ. ಕೆಲಸ ಅವನಿಗೇ ಸಿಕ್ಕಿತು ಎಂದು ರವಿಚಂದ್ರಣ್ಣನಿಂದ ಕೇಳಿದೆ.

ಹತ್ತು ದಿನದ ಮೇಲೆ ಮಂಡ್ಯದಿಂದ ಹುಡುಗಿಯ ಅಪ್ಪ ನಾಗರಾಜು ಅವರು ಬಂದರು. ತಾಲ್ಲೂಕು ಆಫೀಸಿನಲ್ಲಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಅದೂ ಕಷ್ಟವೇ ಆಯಿತು.

"ನಮ್ಮ ಅಳಿಯಂದಿರಿಗೆ ಇದೇ ಬೇಕು ಅಂತ ಹೇಳಿದ್ದು ನೀನಂತಲ್ಲಮ್ಮ," ಅಂದರು. "ನೋಡಮ್ಮ, ನಾನು ಈ ವಿಸ್ಯದಲ್ಲಿ ಎಮ್ಮೆ. ನೀನು ನಿಜ ಹೇಳು, ಇಷ್ಟು ಕೊಡಬೌದಾ?"

"ಕೊಡಬೌದು ಸಾರ್."

"ನಿನ್ನ ಮಾತು ನಂಬ್ಕೊಂಡು ತಗೋತಿದ್ದೀನಿ."

ನಾನೇ ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿದೆ. ತಟ್ಟೆಯಲ್ಲಿ ವೀಳ್ಯದೆಲೆಯ ಪಕ್ಕ ಇಡಬೇಕಂತೆ, ಅರಿಸಿನ ಕುಂಕುಮ ಹಚ್ಚುವುದಕ್ಕೆ ಮೇಲೆ ಜಾಗ ಬಿಡು ಅಂದರು. ಬಿಟ್ಟೆ.

ನಿಶ್ಚಿತಾರ್ಥವಾದ ವಾರಕ್ಕೆ ಕೆಂಪರಾಜು ಬಂದ. ಹಳೆಯದರಲ್ಲಿದ್ದ ನಕ್ಷೆಗಳನ್ನೆಲ್ಲ ಹೊಸದಕ್ಕೆ ತುಂಬಿಸಬೇಕಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ವೈರು ಹಾಕಿದೆ. ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದು ಸ್ಕ್ರೀನು ತೋರಿಸಿತು. ರವಿಚಂದ್ರಣ್ಣ ಊಟದ ನೆಪ ಹೇಳಿ ಹೊರಗೆ ಹೋದರು. ಊಟದ ಡಬ್ಬಿ ಕೌಂಟರಿನ ಮೇಲೇ ಇತ್ತು.

ಅವನ ಬೆರಳಲ್ಲಿ ಉಂಗುರವಿತ್ತು. ಉಂಗುರ ಬೇಡ ಅಂದಿದ್ದರೂ ಹಾಕಿದ್ದಾರೆ.

"ಮಂಜುಶ್ರೀ ಹೆಂಗವ್ರೆ?" ನಾನೇ ಕೇಳಿದೆ.

"ಒಳ್ಳೇವ್ಳು." ಬೆರಳಿನ ಉಂಗುರ ತಿರುಗಿಸುತ್ತಾ, "ಬಾಳ ಮಾತಾಡ್ತಾಳೆ."

"ಒಳ್ಳೇದಾಯ್ತು ಬುಡಿ. ಮನೇಲಿ ಒಬ್ಬರಾದ್ರೂ ಮಾತಾಡ್ಬೇಕು."

ಅವನ ಹೆಗಲು ಅಲುಗಿತು. ನಗು ಮುಖಕ್ಕೆ ಬರಲಿಲ್ಲ.

"ಆವತ್ತು ನೀನು ಬೆರಳು ಇಡದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ," ಅಂದ.

"ಗದ್ದೆಯವ್ರಿಗೆ ಗೊತ್ತಾಗೋದು."

"ಅಷ್ಟೊತ್ಗೆ ನಾನು ಅವ್ವಂಗೆ ಬ್ಯಾಡ ಅಂದಿರ್ತಿದ್ದೆ."

"ಗೊತ್ತಿತ್ತು."

"ಗೊತ್ತಿದ್ದೂ ತೋರ್ಸಿದ್ಯಲ್ಲ."

"ನೀವು ಮಿಷಿನ್ ಬಗ್ಗೆ ಕೇಳಿದ್ರಿ. ಮಿಷಿನ್ ಬಗ್ಗೆ ಇದ್ದದ್ದು ಹೇಳ್ದೆ."

"ನಿನ್ ಬಗ್ಗೆ?"

"ಅದನ್ನ ನೀವು ಕೇಳ್ಲೇ ಇಲ್ಲ."

ನನ್ನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ಅವನು ಟೇಬಲ್ಲಿನ ಅಂಚು ಹಿಡಿದುಕೊಂಡು ಕೂತ. ಸ್ಕ್ರೀನಿನ ಮೇಲೆ ಅವನ ಐದು ವರ್ಷದ ಊರುಗಳು ಒಂದೊಂದಾಗಿ ಆ ಕಡೆಯಿಂದ ಈ ಕಡೆಗೆ ಹೋಗುತ್ತಿದ್ದವು. ಶಿವಪುರ, ಬೆಳಕವಾಡಿ, ಕಿರುಗಾವಲು. ಹೆಸರುಗಳು ಕನ್ನಡದಲ್ಲಿದ್ದವು, ಎಲ್ಲವನ್ನೂ ಓದಿದೆ.

ಕೆಲಸ ಮುಗಿಯಿತು. ವೈರು ತೆಗೆದೆ.

"ಈಗ ಕೇಳಿದ್ರೆ?" ಅಂದ.

ಅವನ ಮುಖವನ್ನು ನೇರವಾಗಿ ನೋಡಿದೆ. ಹುಬ್ಬಿನ ಪಕ್ಕದಲ್ಲಿ ಒಂದು ಸಣ್ಣ ಗಾಯದ ಗುರುತಿತ್ತು. ಏಳು ತಿಂಗಳಲ್ಲಿ ಅದನ್ನು ನಾನು ನೋಡಿಯೇ ಇರಲಿಲ್ಲ.

"ಈಗ ಕೇಳಬ್ಯಾಡಿ," ಅಂದೆ. "ಕೇಳಿದ್ರೆ ಅದ್ಕೂ ಇದ್ದದ್ದೇ ಹೇಳ್ಬುಡ್ತೀನಿ. ಆಮೇಲೆ ನಿಮ್ಗೆ ಮಂಡ್ಯಕ್ಕೆ ಓಗೋಕಾಗಲ್ಲ. ಆ ಹುಡುಗಿ ಏನು ತಪ್ಪು ಮಾಡವ್ಳೆ?"

ಅವನ ಬಾಯಿ ತೆರೆಯಿತು. ಕೇಳಿಬಿಡುತ್ತಾನೆ ಎಂದು ಎದೆ ಬಡಿದುಕೊಂಡಿತು. ಕೇಳಲಿ ಎಂದೇ ಬಡಿದುಕೊಂಡಿತು.

ಕೇಳಲಿಲ್ಲ. ಹೊಸದನ್ನು ಬ್ಯಾಗಿನೊಳಗಿಟ್ಟು, ಜಿಪ್ಪು ಎಳೆದು, ನನ್ನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟ. ಆಮೇಲೆ ಬಾಗಿಲು ದಾಟಿದ. ಬೈಕು ಸ್ಟಾರ್ಟಾದ ಸದ್ದು ಕೇಳಿತು. ತುಂಬ ಹೊತ್ತು ಅಲ್ಲೇ ಗುಡುಗುಡು ಅನ್ನುತ್ತಿತ್ತು. ನಾನು ಎದ್ದು ಹೋಗಲಿಲ್ಲ. ಕೊನೆಗೆ ಆ ಸದ್ದು ಮಳವಳ್ಳಿ ಕಡೆಗೆ ಸಣ್ಣಗಾಗುತ್ತಾ ಹೋಯಿತು.

ರವಿಚಂದ್ರಣ್ಣ ಬಂದು, ನನ್ನ ಕಡೆ ನೋಡದೆ, ಊಟದ ಡಬ್ಬಿ ಬಿಚ್ಚಿದರು.

"ಹೊಸದು ಹೆಂಗದೆ ಅಂದ?"

"ಏನೂ ತೊಂದ್ರೆ ಇಲ್ವಂತೆ ಅಣ್ಣ."

"ಅಂಗಾದ್ರೆ ಇನ್ನು ಈ ಕಡೆ ಬರೋ ಅಂಗಿಲ್ಲ ಅನ್ನು."

"ಬರೋ ಅಂಗಿಲ್ಲ," ಅಂದೆ. "ಒಳ್ಳೇ ಮಿಷಿನ್ನು."